ಗಿಡ ಆರಿಸಲು ಬೇಸಿಗೆಯೇ ಕಾಲ



ದತ್ತಿ ಉಪನ್ಯಾಸವೆಂದರೆ ವಚನದ ಮೇಲೋ ಕಾದಂಬರಿಯ ಮೇಲೋ ಇರುತ್ತದೆ ಎಂದುಕೊಂಡು ಬಂದವರು ಕ್ಷಮಿಸಬೇಕು. ಈ ದತ್ತಿಯನ್ನು ಇಟ್ಟವರು ತೋಟ ಮಾಡಿ ಬದುಕಿದವರು; ಮಾತೂ ತೋಟದ ಬಗ್ಗೆಯೇ ಇರಲಿ ಎಂದು ಅವರ ಅಪೇಕ್ಷೆ. ನಾನು ವಿಜ್ಞಾನಿಯಲ್ಲ. ತೋಟಗಾರಿಕೆಯ ಕೆಳಹಂತದ ನೌಕರಿಯಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ತಾಲ್ಲೂಕುಗಳ ಮಣ್ಣು ತುಳಿದವನು. ಯಾವ ಗಿಡ ಎಲ್ಲಿ ನಿಂತಿತು, ಎಲ್ಲಿ ಒಣಗಿತು ಎಂಬುದನ್ನು ನೋಡುತ್ತಾ ಸಂಬಳ ತೆಗೆದುಕೊಂಡವನು. ಅಷ್ಟರ ಬಲದ ಮೇಲೆ ಮಾತಾಡುತ್ತೇನೆ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಬಸ್ಸಿಗೆ ಹೋಗುವವರು ಬೇಕಾದರೆ ಎದ್ದು ಹೋಗಬಹುದು. ನಾವು ಗಿಡ ಆರಿಸುವ ಕಾಲವೇ ಸರಿಯಿಲ್ಲ. ರೋಹಿಣಿ, ಮೃಗಶಿರ ಮಳೆ ಬಿದ್ದ ಮೇಲೆ ನರ್ಸರಿಗೆ ಹೋಗುತ್ತೇವೆ. ಆಗ ಯಾವ ಸಸಿಯೂ ಚೆಂದವೇ, ಯಾವ ಬಾವಿಯಲ್ಲೂ ನೀರೇ, ಯಾವ ತೋಟ ನೋಡಿದರೂ ಹಸಿರೇ. ನೆಡುವುದಕ್ಕೆ ಅದು ಒಳ್ಳೆಯ ಕಾಲ, ಆರಿಸುವುದಕ್ಕೆ ಅಲ್ಲ. ಆರಿಸುವ ಕೆಲಸ ಯುಗಾದಿ ಕಳೆದು ಬಸವ ಜಯಂತಿ ಬರುವುದರೊಳಗೆ ಆಗಬೇಕು. ಅದರಲ್ಲೂ ಬರ ಬಂದ ವರ್ಷದ ಆ ದಿನಗಳಲ್ಲಿ ಊರಿನಲ್ಲಿ ಯಾವ ಮರ ತಲೆ ಎತ್ತಿಕೊಂಡು ನಿಂತಿರುತ್ತದೋ, ಅದಕ್ಕಿಂತ ಒಳ್ಳೆಯ ತಳಿಯನ್ನು ಯಾವ ಕೇಂದ್ರವೂ ನಿಮ್ಮ ಹೊಲಕ್ಕೆಂದು ಬಿಡುಗಡೆ ಮಾಡಲಾರದು.

1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಕಂದಾಯದ ಲೆಕ್ಕಕ್ಕೆ ಒಂದೇ ಜಿಲ್ಲೆ, ಗಿಡದ ಲೆಕ್ಕಕ್ಕೆ ಅಲ್ಲ. ಚನ್ನಗಿರಿಗೆ ಸೂಳೆಕೆರೆ ಇದೆ, ಭದ್ರಾ ನಾಲೆ ಇದೆ, ಪಡುವಣ ಅಂಚಿಗೆ ಮಲೆನಾಡಿನ ಗಾಳಿ ತಾಕುತ್ತದೆ. ನ್ಯಾಮತಿ ಶಿಕಾರಿಪುರ, ಶಿವಮೊಗ್ಗಗಳ ಕಡೆಗೆ ವಾಲಿಕೊಂಡ ಸೀಮೆ. ಹೊನ್ನಾಳಿಗೆ ತುಂಗಭದ್ರೆ, ಹೊಳೆ ಬದಿಯ ಎರೆ. ಜಗಳೂರಿಗೆ ಹೊಳೆಯೂ ಇಲ್ಲ, ನಾಲೆಯೂ ಇಲ್ಲ. ಮಳೆ, ಕೆರೆ ಮತ್ತು ಬೋರು. ಆದರೆ ಸಸಿ ಸಾಗುವ ದಾರಿ ಒಂದೇ. ಚನ್ನಗಿರಿಯ ಪೇಟೆಯಲ್ಲಿ ರಾಶಿ ಅಡಿಕೆಗೆ ರೇಟು ಏರಿದ ವರ್ಷ ಚನ್ನಗಿರಿ ಕಡೆಯ ಸಸಿ ಲಾರಿ ಹತ್ತಿ ಜಗಳೂರಿನ ಮೆಕ್ಕೆಜೋಳದ ಹೊಲದಲ್ಲಿ ಇಳಿಯುತ್ತದೆ. ಸಸಿಯ ಜತೆ ಸೂಳೆಕೆರೆ ಬರುವುದಿಲ್ಲ.

ಈಗ ಒಂದು ಸಣ್ಣ ಲೆಕ್ಕ. ವಿದ್ಯಾರ್ಥಿಗಳು ಮೊಬೈಲ್ ತೆಗೆದು ಗುಣಿಸಿಕೊಳ್ಳಬಹುದು. ಅಡಿಕೆಗೆ ಒಂಬತ್ತಕ್ಕೆ ಒಂಬತ್ತು ಅಡಿ ಅಂತರ ಕೊಟ್ಟರೆ ಎಕರೆಗೆ ಸುಮಾರು 540 ಗಿಡ. ಹನಿ ನೀರಾವರಿಯಲ್ಲಿ ಡಿಸೆಂಬರಿನಿಂದ ಮೇ ತನಕ ಫಲ ಕೊಡುವ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು ಎಂಬುದು ಕಾಸರಗೋಡಿನ ಕೇಂದ್ರೀಯ ತೋಟಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ನಡುವಿನ 18 ಲೀಟರ್ ಹಿಡಿದರೆ ಎಕರೆಗೆ ದಿನಕ್ಕೆ ಹತ್ತಿರ ಹತ್ತಿರ 9,700 ಲೀಟರ್. ಆರು ತಿಂಗಳಿಗೆ ಹದಿನೇಳು ಲಕ್ಷ ಲೀಟರಿಗೂ ಮೇಲೆ. ಆ ಎಕರೆಯ ಸುತ್ತ ಗೋಡೆ ಕಟ್ಟಿ ಇಷ್ಟು ನೀರನ್ನು ಒಂದೇ ಸಲ ಬಿಟ್ಟರೆ ಮೊಣಕಾಲಿನ ತನಕ ನಿಲ್ಲುತ್ತದೆ. ಇದು ಹನಿ ನೀರಾವರಿಯ ಲೆಕ್ಕ. ಕಾಲುವೆಯಲ್ಲಿ ಹಾಯಿಸುವವರದು ಇನ್ನೂ ದೊಡ್ಡದು.

2023ರಲ್ಲಿ ಮುಂಗಾರು ಕೈಕೊಟ್ಟಿತು. ಭದ್ರಾ ಜಲಾಶಯ ತುಂಬಲಿಲ್ಲ. ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಸಾರಿತು. ನಾಲೆಗೆ ನೀರು ಬಿಡುವುದು, ನಿಲ್ಲಿಸುವುದು, ಮತ್ತೆ ಬಿಡುವುದು ಎಂಬ ಜಗ್ಗಾಟದಲ್ಲಿ ಕೊನೆ ಭಾಗದ ಭತ್ತದವರು ಬೀದಿಗೆ ಇಳಿದರು. 2024ರ ಬೇಸಿಗೆಯಲ್ಲಿ ಚನ್ನಗಿರಿ ಸೀಮೆಯ ರಸ್ತೆಗಳಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದ ನೀರಿನ ಟ್ಯಾಂಕರುಗಳು ಸಾಲುಗಟ್ಟಿ ಓಡಾಡಿದ್ದನ್ನು ಇಲ್ಲಿರುವವರೆಲ್ಲ ನೋಡಿದ್ದೀರಿ. ಐದಾರು ಸಾವಿರ ಲೀಟರಿನ ಟ್ಯಾಂಕರ್ ಎಂದರೆ ಎಕರೆಗೆ ದಿನಕ್ಕೆ ಎರಡು. ಅಷ್ಟು ಹೊಡೆಸುವ ಶಕ್ತಿ ಯಾರಿಗಿದೆ? ಮೂರು ದಿನಕ್ಕೊಂದು ಹೊಡೆಸಿ ಮರದ ಜೀವ ಹಿಡಿದಿಟ್ಟರು. ಗೊನೆ ಹೋದರೂ ಹೋಗಲಿ, ಸುಳಿ ಉಳಿದರೆ ಸಾಕು ಎಂದು.

ಅದೇ ಬೇಸಿಗೆಯಲ್ಲಿ ನಮಗೆ ಸಿಕ್ಕಿದ್ದ ಒಂದು ಅವಕಾಶವನ್ನು ಬಹಳ ಮಂದಿ ಕಳೆದುಕೊಂಡರು ಎಂಬುದೇ ನನ್ನ ತಕರಾರು. ಒಂದೇ ತೋಟ, ಒಂದೇ ಬೋರು, ಒಂದೇ ವರ್ಷ ನೆಟ್ಟ ಗಿಡ. ಆದರೂ ಒಂದು ಮರ ಸೋಗೆ ಜೋತುಬಿಟ್ಟು ಹಳದಿಯಾಗಿದ್ದರೆ ಅದರಾಚೆಯದು ಹಸಿರಾಗಿ ನಿಂತಿತ್ತು. ಬರ ತಾನೇ ಒಂದು ಪರೀಕ್ಷೆ ಮಾಡಿ ಅಂಕಪಟ್ಟಿ ಕೊಟ್ಟಿತ್ತು. ಅದನ್ನು ಗುರುತು ಮಾಡಿಕೊಂಡವರು ಕಡಿಮೆ. ಮಳೆ ಬಂತು, ಎಲ್ಲವೂ ಹಸಿರಾಯಿತು, ಒಣಗಿದ ಜಾಗಕ್ಕೆ ಹಾಕಲು ಹೊರಗಿನಿಂದ ಸಸಿ ತಂದರು. ತಂದ ಸಸಿಯ ತಾಯಿ ಯಾವ ನೀರು ಕುಡಿದು ಬೆಳೆದದ್ದೋ ಯಾರಿಗೆ ಗೊತ್ತು?

ಆದರೆ ಉಳಿದ ಮರವೆಲ್ಲ ಗಟ್ಟಿ ಮರ ಎಂದು ನಂಬಲೂಬಾರದು. ಬಚ್ಚಲ ನೀರು ಹರಿಯುವ ಕಡೆ ಇರುವ ತೆಂಗು ಬರಗಾಲದಲ್ಲಿ ನಳನಳಿಸಿದರೆ ಅದು ಬಚ್ಚಲಿನ ಪುಣ್ಯ. ಬದುವಿನ ಪಕ್ಕದ ಮರ, ಪೈಪು ಸೋರುವ ಗೇಟ್‌ವಾಲ್ವಿನ ಪಕ್ಕದ ಮರ, ತಿಪ್ಪೆಯ ಮಗ್ಗುಲಿನ ನಿಂಬೆ, ಇವೆಲ್ಲ ಪರೀಕ್ಷೆಯಲ್ಲಿ ಕಾಪಿ ಹೊಡೆದವು. ತೋಟದ ನಡುಮಧ್ಯೆ, ಅಕ್ಕಪಕ್ಕದ ಮರಗಳು ಸೊರಗಿರುವ ಜಾಗದಲ್ಲಿ ಒಂಟಿಯಾಗಿ ಹಸಿರು ನಿಂತಿರುವುದನ್ನು ಹುಡುಕಬೇಕು. ಕಾಂಡಕ್ಕೆ ಬಣ್ಣ ಬಳಿದು ಗುರುತು ಮಾಡಬೇಕು. ಅಲ್ಲಿಗೂ ಮುಗಿಯಲಿಲ್ಲ. ಬರದ ಪೆಟ್ಟು ಅಡಿಕೆಯಲ್ಲಿ ಆ ವರ್ಷಕ್ಕಿಂತ ಮುಂದಿನ ವರ್ಷ ಹೆಚ್ಚು ಕಾಣುತ್ತದೆ. ಒಳಗೆ ಕಟ್ಟಿಕೊಳ್ಳಬೇಕಾದ ಹಿಂಗಾರವೇ ಸತ್ತಿರುತ್ತದೆ. ಜೀವ ಉಳಿಸಿಕೊಂಡದ್ದರ ಜತೆಗೆ ಮುಂದಿನ ವರ್ಷ ಗೊನೆಯನ್ನೂ ಬಿಟ್ಟ ಮರ ಯಾವುದೋ, ಬೀಜಕ್ಕೆ ಅದು. ಎರಡು ಎಕರೆ ತೋಟದಲ್ಲಿ ಅಂಥವು ಬೆರಳೆಣಿಕೆಯಷ್ಟು ಸಿಕ್ಕಿದರೆ ನೀವು ಅದೃಷ್ಟವಂತರು.

ಇಲ್ಲಿ ಒಬ್ಬರು ಕೇಳಬಹುದು: ತಾಯಿ ಮರ ಒಳ್ಳೆಯದಾದರೆ ಸಸಿಯೂ ಒಳ್ಳೆಯದೇ ಆಗುತ್ತದೆಯೇ? ಅಡಿಕೆಯ ಹಿಂಗಾರದಲ್ಲಿ ಗಂಡು ಹೂ ಮೊದಲು ಅರಳಿ ಉದುರುತ್ತವೆ, ಹೆಣ್ಣು ಹೂ ಆಮೇಲೆ ಸಿದ್ಧವಾಗುತ್ತವೆ. ಹಾಗಾಗಿ ಪರಾಗ ಬಹುಪಾಲು ಬೇರೆ ಮರದ್ದು. ತಾಯಿ ಗೊತ್ತು, ತಂದೆ ಗೊತ್ತಿಲ್ಲ. ಅದಕ್ಕೇ ಆರಿಸುವ ಕೆಲಸವನ್ನು ಒಂದು ಸಲ ಮಾಡಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಮರದಲ್ಲಿ ಒಮ್ಮೆ, ಗೋಟಿನಲ್ಲಿ, ಅಂದರೆ ಬೀಜದ ಕಾಯಿಯಲ್ಲಿ ಒಮ್ಮೆ, ಸಸಿಯಲ್ಲಿ ಮತ್ತೊಮ್ಮೆ ಆರಿಸಬೇಕು. ಗೋಟು ಪೂರ್ತಿ ಹಣ್ಣಾಗಿರಬೇಕು, ತೂಕ 35 ಗ್ರಾಂಗೆ ಮೇಲಿರಬೇಕು. ಬಕೆಟ್ ನೀರಿಗೆ ಹಾಕಿದರೆ ಕೆಲವು ಅಡ್ಡ ಮಲಗಿ ತೇಲುತ್ತವೆ, ಕೆಲವು ತೊಟ್ಟು ಮೇಲಾಗಿ ನೆಟ್ಟಗೆ ತೇಲುತ್ತವೆ. ನೆಟ್ಟಗೆ ತೇಲುವವುಗಳ ಸಸಿ ಹುರುಪಿನದು. ಅಡ್ಡ ಮಲಗಿದ್ದನ್ನು ಒಣಗಿಸಿ ಸುಲಿದು ಮಾರಿಕೊಳ್ಳಿ, ಪೇಟೆಯಲ್ಲಿ ಅದಕ್ಕೂ ಬೆಲೆ ಇದೆ.

ಸಸಿಯ ವಿಷಯಕ್ಕೆ ಬಂದರೆ ನಮ್ಮ ಕಣ್ಣೇ ನಮಗೆ ಮೋಸ ಮಾಡುತ್ತದೆ. ನರ್ಸರಿಯಲ್ಲಿ ಎತ್ತರದ ಸಸಿಗೆ ಕೈ ಹೋಗುತ್ತದೆ. ಎತ್ತರ ಇದ್ದರೆ ಬೇಗ ಫಲ ಎಂಬ ನಂಬಿಕೆ. ದಕ್ಷಿಣ ಕನ್ನಡದ ವಿಟ್ಲದ ಸಂಶೋಧನಾ ಕೇಂದ್ರದವರು ಬಹಳ ಹಿಂದೆಯೇ ಇದಕ್ಕೊಂದು ಸೂತ್ರ ಕೊಟ್ಟಿದ್ದಾರೆ: ಎಲೆಗಳ ಸಂಖ್ಯೆಯನ್ನು 40ರಿಂದ ಗುಣಿಸಿ, ಅದರಿಂದ ಎತ್ತರವನ್ನು ಸೆಂಟಿಮೀಟರಿನಲ್ಲಿ ಕಳೆಯಿರಿ. ಐದು ಎಲೆಯ, 60 ಸೆಂಟಿಮೀಟರಿನ ಕುಳ್ಳ ಸಸಿಗೆ 140 ಅಂಕ ಬರುತ್ತದೆ. ನಾಲ್ಕು ಎಲೆಯ, 90 ಸೆಂಟಿಮೀಟರಿನ ಉದ್ದನೆಯದಕ್ಕೆ 70. ಎತ್ತರದ್ದು ನೆರಳಿನಲ್ಲಿ ಒತ್ತೊತ್ತಾಗಿ ಇಟ್ಟಿದ್ದಕ್ಕೆ ಬೆಳಕು ಹುಡುಕುತ್ತಾ ಚಾಚಿಕೊಂಡದ್ದು, ಅಷ್ಟೆ. ನರ್ಸರಿಯವರ ಮುಂದೆ ಟೇಪು ಹಿಡಿದು ಅಳೆಯಲು ನಾಚಿಕೆಯಾದರೆ ಎಲೆಯನ್ನಾದರೂ ಎಣಿಸಿ. ವಯಸ್ಸು ಹನ್ನೆರಡರಿಂದ ಹದಿನೆಂಟು ತಿಂಗಳು ಇರಲಿ. ಅದಕ್ಕಿಂತ ಹಳೆಯದಾದರೆ ಪಾಲಿಥಿನ್ ಚೀಲದೊಳಗೆ ಬೇರು ಸುರುಳಿ ಸುತ್ತಿಕೊಂಡಿರುತ್ತದೆ.

ತಳಿಗಳ ಹೆಸರಿನ ಬಗ್ಗೆಯೂ ಎರಡು ಮಾತು. ಮಂಗಳ ಎಂಬ ತಳಿ 1972ರಲ್ಲಿ ಬಿಡುಗಡೆಯಾಯಿತು. ಅದರ ಮೂಲ ಚೀನಾ. ಸುಮಂಗಳದ್ದು ಇಂಡೋನೇಷ್ಯಾ, ಶ್ರೀಮಂಗಳದ್ದು ಸಿಂಗಪುರ, ಮೋಹಿತ್‌ನಗರ ಪಶ್ಚಿಮ ಬಂಗಾಳದ್ದು. ಹೊರಗಿನ ಬೀಜವನ್ನು ತಂದು, ವಿಟ್ಲದ ಮಳೆಯಲ್ಲಿ ಬೆಳೆಸಿ, ವರ್ಷಗಟ್ಟಲೆ ಲೆಕ್ಕ ಇಟ್ಟು ಕೊಟ್ಟ ತಳಿಗಳು ಇವು. ಅವನ್ನು ಹಗುರವಾಗಿ ಕಾಣುವಷ್ಟು ಮೂರ್ಖ ನಾನಲ್ಲ. ಆದರೆ ವಿಟ್ಲದ ಮಳೆಯೇ ಬೇರೆ. ನಮ್ಮ ಬಯಲುಸೀಮೆಯಲ್ಲಿ ತಲೆಮಾರುಗಳಿಂದ ನಿಂತ ಸ್ಥಳೀಯ ಎತ್ತರದ ತಳಿ ಇದೆ. ಅದು ಫಲಕ್ಕೆ ಬರುವುದು ತಡ, ಬಂದ ಮೇಲೆ ಬೇಸಿಗೆಗೆ ಬಗ್ಗುವುದು ಕಡಿಮೆ ಎಂಬುದು ನಾನು ಕಂಡದ್ದು. ಇನ್ನು, ಮಂಗಳ ಎಂದು ಚೀಟಿ ಅಂಟಿಸಿದ ಸಸಿಯೆಲ್ಲ ಮಂಗಳವಲ್ಲ. ಯಾರದೋ ತೋಟದ ಮಂಗಳ ಮರಕ್ಕೆ ಪಕ್ಕದ ನಾಟಿ ಮರದ ಪರಾಗ ಬಿದ್ದು ಹುಟ್ಟಿದ್ದು ಮಂಗಳವೂ ಅಲ್ಲ, ನಾಟಿಯೂ ಅಲ್ಲ. ಕುಳ್ಳ ಹೈಬ್ರಿಡ್‌ಗಳಲ್ಲಿ ಇದು ಇನ್ನೂ ಹೆಚ್ಚು. ತುಮಕೂರು ಬಳಿಯ ಹಿರೇಹಳ್ಳಿಯ ಗಿಡ್ಡ ತಳಿಯನ್ನು ಸುಮಂಗಳ, ಮೋಹಿತ್‌ನಗರಗಳ ಜತೆ ಸಂಕರ ಮಾಡಿ ಎರಡು ಹೈಬ್ರಿಡ್ ಕೊಟ್ಟಿದ್ದಾರೆ. ಮರ ಹತ್ತುವವರು ಸಿಗದ ಈ ಕಾಲಕ್ಕೆ ಅವು ದೊಡ್ಡ ವರ. ಆದರೆ ಆ ಹೈಬ್ರಿಡ್ ಮರದ ಗೋಟು ಹಾಕಿ ಸಸಿ ಮಾಡಿದರೆ ಕುಳ್ಳ, ಎತ್ತರ, ಎರಡೂ ಅಲ್ಲದ್ದು ಎಲ್ಲ ಕಲಸಿಕೊಂಡು ಹುಟ್ಟುತ್ತವೆ. ಅಂಥ ಸಸಿ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಬಾಗಿಲಲ್ಲೇ ಕೈಮುಗಿದು ಕಳಿಸಿ.

ನೀರು ಇಲ್ಲದ್ದನ್ನು ಹೇಳಿದೆ. ನೀರು ಹೆಚ್ಚಾಗಿ ಕೆಡುವ ತೋಟಗಳೂ ಈ ಜಿಲ್ಲೆಯಲ್ಲೇ ಇವೆ. ಭದ್ರಾ ಅಚ್ಚುಕಟ್ಟಿನಲ್ಲಿ ಗದ್ದೆಗಳು ಒಂದೊಂದಾಗಿ ತೋಟವಾಗುತ್ತಿವೆ. ತಲೆಮಾರುಗಳ ಕಾಲ ಕೆಸರು ತುಳಿದ ಗದ್ದೆಯಲ್ಲಿ ಒಂದೆರಡು ಅಡಿಯ ಕೆಳಗೆ ಗಟ್ಟಿ ಪದರ ಕೂತಿರುತ್ತದೆ. ಭತ್ತಕ್ಕೆ ಅದು ಬೇಕಾದದ್ದೇ, ನೀರು ಇಂಗದೆ ನಿಲ್ಲಲಿ ಎಂದು ನಾವೇ ಮಾಡಿಕೊಂಡದ್ದು. ಅಡಿಕೆಯ ಬೇರಿಗೆ ಅದೇ ಮೃತ್ಯು. ಮೊದಲ ಮೂರು ನಾಲ್ಕು ವರ್ಷ ತೋಟ ಚೆನ್ನಾಗಿರುತ್ತದೆ, ಯಜಮಾನ ಎದೆಯುಬ್ಬಿಸಿ ತೋರಿಸುತ್ತಾನೆ. ಬೇರು ಆ ಪದರ ಮುಟ್ಟಿದ ಮೇಲೆ ಸುಳಿ ಕುಗ್ಗುತ್ತದೆ, ಗಣ್ಣು ಒತ್ತೊತ್ತಾಗುತ್ತವೆ, ಎಲೆ ಚಿಕ್ಕದಾಗಿ ಮುದುರಿಕೊಳ್ಳುತ್ತದೆ. ಹಿಡಿಮುಂಡಿಗೆ ಎನ್ನುತ್ತಾರೆ. ಔಷಧಿ ಅಂಗಡಿಯಲ್ಲಿ ಅದಕ್ಕೆ ಬಾಟಲಿ ಕೊಡುವವರಿದ್ದಾರೆ. ಬೇಕಾದದ್ದು ಗುದ್ದಲಿ. ಗುಂಡಿಯ ತಳಕ್ಕಿಂತ ಅರ್ಧ ಅಡಿಯಾದರೂ ಆಳಕ್ಕೆ ಬಸಿಗಾಲುವೆ ತೆಗೆದು, ನೀರು ಹೊರಗೆ ಹೋಗಲು ದಾರಿ ಮಾಡಿ, ಆಮೇಲೆ ಸಸಿ ತನ್ನಿ. ಬಸಿಗಾಲುವೆಗೆ ಹೋಗುವ ಜಾಗವನ್ನು ನಷ್ಟ ಎಂದು ನೋಡುವವರ ಹತ್ತಿರ ವಾದ ಮಾಡಿ ನನಗೆ ಗಂಟಲು ಒಣಗಿದೆ.

ಅಣಬೆ ರೋಗದ್ದೂ ಇಲ್ಲೇ ಹೇಳಿಬಿಡಬೇಕು. ಕೊಳೆರೋಗ ಮಲೆನಾಡಿನವರ ಶಾಪ, ಅಣಬೆ ರೋಗ ಬಯಲುನಾಡಿನ ನಮ್ಮದು. ಬುಡದಲ್ಲಿ ಕಂದು ರಸ ಒಸರಿ, ಬುಡದ ಸುತ್ತ ಅಣಬೆ ಎದ್ದು ಕಾಣುವಷ್ಟರಲ್ಲಿ ಮರದ ಕಥೆ ಮುಗಿದಿರುತ್ತದೆ. ರೋಗ ಬೇರಿನಿಂದ ಬೇರಿಗೆ ದಾಟುತ್ತದೆ. ಸತ್ತ ಮರವನ್ನು ಕಡಿದು, ಬುಡವನ್ನು ಮಣ್ಣಲ್ಲೇ ಬಿಟ್ಟು, ಅದರ ಪಕ್ಕದಲ್ಲೇ ಹೊಸ ಸಸಿ ನೆಡುವುದು ನಮ್ಮಲ್ಲಿ ಸಾಮಾನ್ಯ. ಎಂಥ ತಳಿ ತಂದರೂ ಆ ಗುಂಡಿಯಲ್ಲಿ ಅದು ಬಾಳುವುದಿಲ್ಲ. ಬುಡ, ಬೇರು ಸಮೇತ ಕಿತ್ತು ಸುಡಬೇಕು. ರೋಗದ ಮರದ ಸುತ್ತ ಎರಡಡಿ ಆಳದ ಚರಂಡಿ ತೆಗೆದು ಬೇರಿನ ಸಂಪರ್ಕ ಕತ್ತರಿಸಬೇಕು. ಸುತ್ತಲಿನ ಮರಗಳಿಗೆ ವರ್ಷಕ್ಕೆ ಎರಡು ಕೆಜಿ ಬೇವಿನ ಹಿಂಡಿ ಕೊಡಬೇಕು.

ಹೊನ್ನಾಳಿಯ ಹೊಳೆ ಬದಿಯವರಿಗೆ ಬೇರೆಯದೇ ಪಾಠ. ತುಂಗಭದ್ರೆ ಉಕ್ಕಿದ ವರ್ಷ ಪಪ್ಪಾಯಿ ಎರಡು ದಿನ ನೀರಲ್ಲಿ ನಿಂತರೆ ಸತ್ತಿತೆಂದೇ ಲೆಕ್ಕ. ನುಗ್ಗೆಯೂ ಹಾಗೇ. ತಗ್ಗಿನಲ್ಲಿ ಅವು ಬೇಡ, ಬದುವಿನ ಮೇಲೆ ಹಾಕಿ. ನ್ಯಾಮತಿಯವರಿಗೆ ನಾನು ಹೆಚ್ಚು ಹೇಳುವುದಿಲ್ಲ. ಅಡಿಕೆಗೆ ಕಾಳುಮೆಣಸು ಹಬ್ಬಿಸುವ ಆಸೆ ಅಲ್ಲಿ ಹೆಚ್ಚು. ಪಣಿಯೂರು-1 ಬೆಳಕು ಕೇಳುವ ಬಳ್ಳಿ, ಒತ್ತಾದ ತೋಟದ ಕತ್ತಲಲ್ಲಿ ಎಲೆ ಮಾತ್ರ ಬಿಡುತ್ತದೆ ಎಂಬುದು ನೆನಪಿರಲಿ. ಬಾಳೆಯ ಕಂದನ್ನು ಸೊರಗು ರೋಗದ ತೋಟದಿಂದ ತರಬೇಡಿ, ಏಲಕ್ಕಿ ಬಾಳೆಯಂತೂ ಆ ರೋಗಕ್ಕೆ ಬೇಗ ಬೀಳುತ್ತದೆ. ತಂದರೆ ಕತ್ತಿಯಂತೆ ಸಪೂರ ಎಲೆಯ ಕಂದು ತನ್ನಿ, ಅಗಲ ಎಲೆಯ ನೀರುಗಂದು ನೋಡಲಷ್ಟೇ ಚೆಂದ.

ನಾಲ್ಕೂ ತಾಲ್ಲೂಕಿಗೆ ಸೇರಿದ ಒಂದು ಸಂಗತಿ ಬಿಸಿಲಿನದು. ಅಡಿಕೆ ಮರದ ಕಾಂಡ ಸುಡುವುದು ನೈರುತ್ಯ ದಿಕ್ಕಿನ ಸಂಜೆ ಬಿಸಿಲಿಗೆ, ಅದೂ ಸೂರ್ಯ ದಕ್ಷಿಣಕ್ಕೆ ವಾಲಿದ ತಿಂಗಳುಗಳಲ್ಲಿ. ಸುಟ್ಟ ಕಡೆ ತೊಗಟೆ ಹಳದಿಯಾಗಿ, ಕಂದಾಗಿ, ಸೀಳು ಬಿಡುತ್ತದೆ. ಹಲವು ವರ್ಷ ಆದ ಮೇಲೆ ಒಂದು ಗಾಳಿಗೆ ಅಲ್ಲೇ ಮುರಿಯುತ್ತದೆ. ಆಗ ಗಾಳಿಯನ್ನು ಬೈಯುತ್ತೇವೆ. ಅಡಿಕೆ ನೆಡುವುದಕ್ಕೆ ಒಂದೆರಡು ವರ್ಷ ಮೊದಲೇ ತೆಂಕಣ, ಪಡುವಣ ಅಂಚಿಗೆ ಬೇಗ ಬೆಳೆಯುವ ಮರದ ಸಾಲು ಹಾಕಬೇಕು. ಸಾಲನ್ನು ನೇರ ಉತ್ತರ ದಕ್ಷಿಣ ಹಿಡಿಯದೆ 35 ಡಿಗ್ರಿ ಪಶ್ಚಿಮಕ್ಕೆ ತಿರುಗಿಸಿದರೆ ಒಂದು ಮರದ ನೆರಳು ಇನ್ನೊಂದರ ಕಾಂಡ ಕಾಯುತ್ತದೆ. ಮೊದಲ ವರ್ಷಗಳಲ್ಲಿ ನಡುವೆ ಬಾಳೆ ಇರಲಿ. ಈ ಜಿಲ್ಲೆಯಲ್ಲಿ ತೋಟ ಮಾಡುವವರು ಅಡಿಕೆ ಸಸಿಗೆ ಕೊಡುವ ದುಡ್ಡಿನ ಹತ್ತರಲ್ಲೊಂದನ್ನು ಈ ಕಾವಲು ಮರಗಳಿಗೆ ಕೊಟ್ಟಿದ್ದರೆ ಎಷ್ಟೋ ತೋಟಗಳು ಉಳಿಯುತ್ತಿದ್ದವು.

ಈಗ ಜಗಳೂರು. ಅಲ್ಲಿ ನಿಂತು ಅಡಿಕೆ ಹಾಕಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕೆಂದೂ ಇಲ್ಲ. ಚನ್ನಗಿರಿಯವರು ಅಡಿಕೆಯಲ್ಲಿ ಮನೆ ಕಟ್ಟುವುದನ್ನು ನೋಡಿದವರಿಗೆ ನೀವು ಮಾತ್ರ ಮೆಕ್ಕೆಜೋಳದಲ್ಲೇ ಇರಿ ಎಂದು ಹೇಳುವ ಹಕ್ಕು ಯಾರಿಗಿದೆ? ತುಂಗಭದ್ರೆಯ ನೀರನ್ನು ಎತ್ತಿ ಜಗಳೂರಿನ 57 ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ಆಸೆ ಚಿಗುರಿದೆ. ಭದ್ರಾ ಮೇಲ್ದಂಡೆಯ ನೀರು ಬರುತ್ತದೆ ಎಂಬ ಕಾಯುವಿಕೆಯೂ ಇದೆ. ಆದರೆ ಕೆರೆ ತುಂಬಿಸುವುದು ಮುಖ್ಯವಾಗಿ ಅಂತರ್ಜಲಕ್ಕೆ, ಕುಡಿಯುವ ನೀರಿಗೆ. ಮೇಲ್ದಂಡೆ ಯೋಜನೆಯನ್ನು ರೂಪಿಸಿರುವುದೇ ಸೂಕ್ಷ್ಮ ನೀರಾವರಿಯ ಲೆಕ್ಕದಲ್ಲಿ. ಮೊಣಕಾಲ ಮಟ್ಟದ ನೀರು ಕೇಳುವ ತೋಟವನ್ನು ಅದು ಹೊರುವುದಿಲ್ಲ. ಹಾಗಾಗಿ ನನ್ನ ಸಲಹೆ ಇಷ್ಟೇ: ನಿಮ್ಮ ಬೋರು ಯಾವ ತಿಂಗಳಲ್ಲಿ ಬಿಟ್ಟು ಬಿಟ್ಟು ಹೊಡೆಯುತ್ತದೆ, ಯಾವ ತಿಂಗಳಲ್ಲಿ ಗಾಳಿ ಉಗುಳುತ್ತದೆ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಏಪ್ರಿಲಿನ ಕೊನೆಗೆ ಬರುವ ನೀರನ್ನು ಅಳೆಯಿರಿ. ಅಷ್ಟಕ್ಕೆ ಎಷ್ಟು ಮರ ಬದುಕುತ್ತವೋ ಅಷ್ಟೇ ಅಡಿಕೆ ಹಾಕಿ. ಉಳಿದ ಜಾಗಕ್ಕೆ ಬೇರೆ ಗಿಡ.

ಯಾವ ಗಿಡ? ರಂಗಯ್ಯನದುರ್ಗದ ಕಾಡನ್ನು ನೋಡಿ. 2011ರಲ್ಲಿ ಕೊಂಡುಕುರಿಗಳಿಗಾಗಿ ಅಭಯಾರಣ್ಯವೆಂದು ಘೋಷಿಸಿದ ಕಾಡು ಅದು. ಬೇಸಿಗೆಯಲ್ಲಿ ಅಲ್ಲಿಯ ಮರಗಳು ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ. ಎಲೆ ಇಲ್ಲದಿದ್ದರೆ ನೀರಿನ ಖರ್ಚಿಲ್ಲ. ನಮ್ಮ ತೋಟದ ಗಿಡಗಳನ್ನೂ ಹೀಗೇ ವಿಂಗಡಿಸಿ ನೋಡಬೇಕು. ಸೀತಾಫಲ, ನೆಲ್ಲಿ, ನುಗ್ಗೆ ಬಿಸಿಲಿಗೆ ಎಲೆ ಕಳಚಿಟ್ಟು ಕಾಯಬಲ್ಲವು. ಮಾವು, ಹುಣಸೆ, ನೇರಳೆ ಎಲೆಯನ್ನು ಪೂರ್ತಿ ಬಿಡುವುದಿಲ್ಲ, ಆದರೆ ತಾಯಿಬೇರನ್ನು ಆಳಕ್ಕೆ ಕಳಿಸಿ ಅಲ್ಲಿಂದ ತರಿಸಿಕೊಳ್ಳುತ್ತವೆ. ಅಡಿಕೆ, ಬಾಳೆಗಳಿಗೆ ಎರಡೂ ಗೊತ್ತಿಲ್ಲ. ಎಲೆಯನ್ನು ಬಿಡಲಾರವು, ಬೇರು ಮೇಲಿನ ಎರಡು ಮೂರು ಅಡಿಯಲ್ಲೇ ಹರಡಿಕೊಂಡಿರುತ್ತದೆ. ದಿನಾ ಕೇಳುತ್ತವೆ, ದಿನಾ ಕೊಡಬೇಕು. ಒಂದು ಹೊಸ ಗಿಡದ ಹೆಸರು ಯಾರಾದರೂ ಹೇಳಿದಾಗ ನಾನು ಕೇಳುವ ಮೊದಲ ಪ್ರಶ್ನೆ ಇದು: ಇದು ಎಲೆ ಉದುರಿಸುತ್ತದೆಯೇ, ಬೇರು ಇಳಿಸುತ್ತದೆಯೇ, ಅಥವಾ ದಿನಾ ಕೇಳುತ್ತದೆಯೇ? ಎಕರೆಗೆ ಎಷ್ಟು ಲಕ್ಷ ಬರುತ್ತದೆ ಎಂಬುದು ಆಮೇಲಿನ ಮಾತು.

ತಾಯಿಬೇರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಒಣಭೂಮಿಯಲ್ಲಿ ಮಾವು ಹಾಕುವವರು ಕಸಿ ಗಿಡವನ್ನು ಚೀಲದಲ್ಲಿ ತಂದು ನೆಡುವುದಕ್ಕಿಂತ, ಗುಂಡಿಯಲ್ಲೇ ನಾಟಿ ಮಾವಿನ ವಾಟೆ ಊರಿ, ಗಿಡ ಬೆರಳು ಗಾತ್ರವಾದ ಮೇಲೆ ನಿಂತಲ್ಲೇ ಕಸಿ ಕಟ್ಟಿಸುವುದು ಮೇಲು. ಚೀಲದಲ್ಲಿ ಬೆಳೆದ ಗಿಡದ ತಾಯಿಬೇರು ತಳ ಮುಟ್ಟಿ ಮಡಚಿಕೊಂಡಿರುತ್ತದೆ. ಗುಂಡಿಯಲ್ಲೇ ಹುಟ್ಟಿದ್ದರ ಬೇರು ನೆಟ್ಟಗೆ ಇಳಿಯುತ್ತದೆ. ಒಂದೆರಡು ವರ್ಷ ತಡವಾಗುತ್ತದೆ, ನಿಜ. ಮೊದಲ ಎರಡು ಬೇಸಿಗೆಗೆ ಪಕ್ಕದಲ್ಲಿ ಮಣ್ಣಿನ ಮಡಕೆ ಹೂತು ನೀರು ತುಂಬಿದರೆ ಸಾಕು, ಮಡಕೆ ತಾನೇ ಬೆವರಿ ಬೇರಿಗೆ ಕೊಡುತ್ತದೆ. ಒಣಭೂಮಿಯಲ್ಲೂ ತೋಟಗಾರಿಕೆ ಸಾಧ್ಯ ಎಂದು ಈ ರಾಜ್ಯಕ್ಕೆ ತೋರಿಸಿಕೊಟ್ಟವರು ಎಂ. ಎಚ್. ಮರಿಗೌಡರು. 1963ರಲ್ಲಿ ತೋಟಗಾರಿಕೆ ಇಲಾಖೆ ಬೇರೆಯಾಗಿ ನಿಂತಾಗ ಅದರ ಚುಕ್ಕಾಣಿ ಹಿಡಿದು, ಊರೂರಿಗೆ ಇಲಾಖೆಯ ಫಾರಂ, ನರ್ಸರಿಗಳನ್ನು ಮಾಡಿದರು. ಆ ಫಾರಂಗಳಲ್ಲಿ ತಾಯಿಮರಗಳ ತೋಟವನ್ನು ಮೊದಲು ಬೆಳೆಸಿ, ಅವುಗಳಿಂದ ಕಸಿಕಡ್ಡಿ ತೆಗೆಯುವ ಪದ್ಧತಿ ಇತ್ತು. ರೈತ ಬಂದರೆ ಸಸಿಯ ತಾಯಿಯನ್ನು ಬೆರಳು ಮಾಡಿ ತೋರಿಸಬಹುದಿತ್ತು. ಈಗ ರಸ್ತೆ ಬದಿಯ ನರ್ಸರಿಯಲ್ಲಿ ತಾಯಿ ಎಲ್ಲಿ ಎಂದು ಕೇಳಿದರೆ ಫೋನಿನಲ್ಲಿ ಹಣ್ಣಿನ ಫೋಟೋ ತೋರಿಸುತ್ತಾರೆ.

ಗಿಡದ ಜತೆ ರೋಗವೂ ಮನೆಗೆ ಬರುತ್ತದೆ ಎಂಬುದಕ್ಕೆ ಬಯಲುಸೀಮೆಯ ದಾಳಿಂಬೆಗಿಂತ ದೊಡ್ಡ ಸಾಕ್ಷಿ ಬೇಡ. ದುಂಡಾಣು ಅಂಗಮಾರಿ ತೋಟದಿಂದ ತೋಟಕ್ಕೆ ಹಬ್ಬಿದ್ದರಲ್ಲಿ ರೋಗ ಬಿದ್ದ ತೋಟದ ಗೂಟಿ ಗಿಡಗಳದ್ದೇ ದೊಡ್ಡ ಪಾಲು. ಕಡಿಮೆ ದುಡ್ಡಿಗೆ ಸಿಕ್ಕಿತೆಂದು ತಂದು, ಮೂರನೇ ವರ್ಷ ಕಾಯಿ ಒಡೆದು ಕಪ್ಪಾದಾಗ ತೋಟವನ್ನೇ ಕಿತ್ತವರು ಇದ್ದಾರೆ.

ಇಲ್ಲಿ ಕೂತಿರುವ ತಾಯಂದಿರು, ಇವರದೆಲ್ಲ ಅಡಿಕೆ ಪುರಾಣವೇ ಆಯಿತು, ಹಿತ್ತಿಲಿನ ಮಾತೇ ಇಲ್ಲ ಎನ್ನುವ ಮೊದಲು ಅತ್ತ ಬರುತ್ತೇನೆ. ಹಿತ್ತಿಲಿನ ಗುಲಾಬಿ ಎರಡು ವರ್ಷ ದೊಡ್ಡ ಹೂ ಬಿಟ್ಟು, ಆಮೇಲೆ ಬರೀ ಮುಳ್ಳು, ಸಣ್ಣ ಸಣ್ಣ ಹೂ ಆಯಿತು ಎಂಬ ದೂರು ಎಲ್ಲ ಊರಿನಲ್ಲೂ ಕೇಳಿದ್ದೇನೆ. ಅದು ಯಾರ ದೃಷ್ಟಿಯೂ ಅಲ್ಲ. ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಕಾಡು ಗುಲಾಬಿಯ ಚಿಗುರು ಎದ್ದು ಮೇಲಿನದನ್ನು ತಿಂದುಹಾಕಿರುತ್ತದೆ. ಸಪೋಟದಲ್ಲಿ, ಮಾವಿನಲ್ಲಿ ಇದೇ ಕಥೆ. ಗಂಟಿನ ಕೆಳಗೆ ಏನು ಚಿಗುರಿದರೂ, ಎಷ್ಟೇ ಹುಲುಸಾಗಿರಲಿ, ಚಿವುಟಿ ಹಾಕಿ. ನೆಡುವಾಗ ಗಂಟು ಮಣ್ಣಿನ ಮೇಲೇ ಇರಲಿ. ಪಪ್ಪಾಯಿಯ ನಾಟಿ ಬೀಜ ಹಾಕುವವರು ಒಂದು ಗುಂಡಿಗೆ ಮೂರು ಸಸಿ ಬಿಟ್ಟು, ಹೂ ನೋಡಿ ಗಂಡು ಗಿಡ ಕೀಳಬೇಕು. ಒಂದೇ ಒಂದು ಹಾಕಿ, ಅದು ಗಂಡಾದರೆ ವರ್ಷವಿಡೀ ಉದ್ದ ಜಡೆಯ ಹೂವನ್ನಷ್ಟೇ ನೋಡಬೇಕಾಗುತ್ತದೆ.

ಹಿತ್ತಿಲಿಗೆ ಹೊಸದಾಗಿ ಬಂದಿರುವ ಇನ್ನೊಂದು ಕೇಡು ಇದೆ. ಊರೂರಲ್ಲಿ ಶುದ್ಧ ನೀರಿನ ಘಟಕಗಳಾಗಿವೆ, ಮನೆಮನೆಯಲ್ಲಿ ಫಿಲ್ಟರ್ ಬಂದಿದೆ. ಅವು ಹೊರಹಾಕುವ ನೀರು ವ್ಯರ್ಥವಾಗಬಾರದೆಂದು ಮಲ್ಲಿಗೆ, ಕರಿಬೇವು, ದಾಸವಾಳಕ್ಕೆ ಬಿಡುತ್ತಾರೆ. ಬೋರಿನ ನೀರಲ್ಲಿದ್ದ ಉಪ್ಪು, ಸುಣ್ಣ ಎಲ್ಲ ಆ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂಡಿರುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಹೊದಿಕೆ ಕಾಣುತ್ತದೆ, ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಗೊಬ್ಬರ ಸಾಲದು ಎಂದು ಇನ್ನೊಂದು ಹಿಡಿ ಹಾಕುತ್ತಾರೆ. ಆ ನೀರನ್ನು ಅಂಗಳ ತೊಳೆಯಲು ಬಳಸಿ. ಪಾತ್ರೆ, ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಕೊಡಿ. ಜಗಳೂರಿನ ಕಡೆಯವರಿಗೆ ಇದು ಹೆಚ್ಚು ಅನ್ವಯ. ಮಳೆಗಾಲದಲ್ಲಿ ಚಾವಣಿಯ ನೀರನ್ನು ಒಂದೆರಡು ಸಲ ಕುಂಡದ ತಳದಿಂದ ಹರಿದು ಹೋಗುವಷ್ಟು ಸುರಿದರೆ ಕೂತ ಉಪ್ಪು ತೊಳೆದು ಹೋಗುತ್ತದೆ.

ಹತ್ತು ಹದಿನೈದು ವರ್ಷಕ್ಕೊಮ್ಮೆ ಕೋಟಿ ಕೊಡುವ ಮರವೊಂದು ಬರುತ್ತದೆ. 1990ರ ದಶಕದಲ್ಲಿ ತೇಗದ ಕಂಪನಿಗಳು ಬಂದಿದ್ದವು, ದೇಶದ ತುಂಬ ಎಷ್ಟೋ ಜನರ ದುಡ್ಡು ಮುಳುಗಿತು. ಈಗ ಅಗರ್, ಮಹಾಗನಿ, ರಕ್ತಚಂದನ. ಶ್ರೀಗಂಧ ಒಳ್ಳೆಯ ಮರವೇ, ನಮ್ಮ ನೆಲದ್ದೇ. ಆದರೆ ಅದು ಬೇರೆ ಗಿಡದ ಬೇರಿನಿಂದ ಆಹಾರ ಹೀರುವ ಜಾತಿ, ಪಕ್ಕದಲ್ಲಿ ಮೊದಲು ತೊಗರಿ, ಆಮೇಲೆ ಇನ್ನೊಂದು ಆಸರೆಯ ಮರ ಬೇಕು ಎಂದು ಸಸಿ ಮಾರುವವರು ಎಲ್ಲರೂ ಹೇಳುವುದಿಲ್ಲ. ಮಾರುವವರಿಗೆ ಒಂದು ಮಾತು ಹೇಳಿ: ಈ ತಾಲ್ಲೂಕಿನಲ್ಲಿ ಇದನ್ನು ಬೆಳೆದು, ಕಡಿದು, ಮಾರಿ ದುಡ್ಡು ಎಣಿಸಿದ ಒಬ್ಬರ ಮನೆಗೆ ಕರೆದುಕೊಂಡು ಹೋಗಿ. ಹೊರಟರೆ ನೀವೂ ಬೈಕು ಹತ್ತಿ.

ಕೊನೆಗೆ ಕೆಲಸದ ಮಾತು. ಈಗಾಗಲೇ ಗುರುತು ಮಾಡಿದ ತಾಯಿಮರ ಇರುವವರು ಗೋಟು ಪೂರ್ತಿ ಹಣ್ಣಾದ ಮೇಲೆ, ಫಸಲನ್ನು ಗುತ್ತಿಗೆ ಹಿಡಿದ ಖೇಣಿದಾರ ಕೊಯ್ಯುವ ಮೊದಲು, ಹಗ್ಗ ಕಟ್ಟಿ ಗೊನೆ ಇಳಿಸಿಕೊಳ್ಳಿ. ಎಸೆದರೆ ಗೋಟಿಗೆ ಪೆಟ್ಟಾಗುತ್ತದೆ. ಖೇಣಿ ಕೊಡುವಾಗಲೇ ಆ ಮರಗಳು ಲೆಕ್ಕಕ್ಕಿಲ್ಲ ಎಂದು ಬಾಯಿಬಿಟ್ಟು ಹೇಳಿ. ಮರಳಿನ ಪಾತಿಯಲ್ಲಿ ತೊಟ್ಟು ಮೇಲೆ ಮಾಡಿ ಒತ್ತೊತ್ತಾಗಿ ಊರಿ, ಮೇಲೆ ಹುಲ್ಲು ಹೊದಿಸಿ ನೀರು ಚಿಮುಕಿಸಿ. ಒಂದೂವರೆ ತಿಂಗಳಿಗೆ ಮೊಳಕೆ ಶುರು. ತಡವಾಗಿ ಮೊಳೆತದ್ದನ್ನು ಎಸೆಯಿರಿ. ಎರಡು ಎಲೆ ಬಂದಾಗ ಚೀಲಕ್ಕೆ, ಮುಂದಿನ ವರ್ಷ ಹೊಲಕ್ಕೆ. ಮಣ್ಣು ಪರೀಕ್ಷೆಗೆ, ಸಂಶಯ ಕೇಳಲಿಕ್ಕೆ ಕತ್ತಲಗೆರೆಯ ಸಂಶೋಧನಾ ಕೇಂದ್ರ ಇದೆ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ; ಮೊದಲು ಅಲ್ಲಿ ಕೇಳಿ, ಔಷಧಿ ಅಂಗಡಿಯಲ್ಲಿ ಆಮೇಲೆ. ನೀರು ಬಸಿದು ಹೋಗುವ ಕೆಂಪು ನೆಲದವರು ಮುಂಗಾರಿನ ಆರಂಭದಲ್ಲೇ ನೆಡಬಹುದು. ಎರೆಯವರು, ಗದ್ದೆಯನ್ನು ತೋಟ ಮಾಡುವವರು ಆಗಸ್ಟ್, ಸೆಪ್ಟೆಂಬರ್ ತನಕ ತಡೆಯಿರಿ, ಅಷ್ಟರೊಳಗೆ ಬಸಿಗಾಲುವೆ ಮುಗಿಸಿ.